ಬಿಸುವಿನ ಬುಟ್ಟಿಯ ಅಪೀಲು

ಕಾರ್ಕಳದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕಟಕಟೆ ಹತ್ತಿದ ನಾನು ಕೈ ಜೋಡಿಸಿ, ಸೊಂಟ ಬಗ್ಗಿಸಿ ನಮಸ್ಕರಿಸಿದ್ದು ಗುಮಾಸ್ತರಿಗೆ. ನ್ಯಾಯಾಧೀಶರು ಅವರ ಹಿಂದೆ ಎತ್ತರದಲ್ಲಿ ಕುಳಿತಿದ್ದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಇಪ್ಪತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರನಿಗೆ ಅದು ತಕ್ಕ ಶಾಸ್ತಿಯೇ. ಆದರೆ ಹೋದ ಮಾನವನ್ನು ನಾಲಿಗೆಯಿಂದ ಮರಳಿ ತರಲು ಹೊರಟೆನಲ್ಲ, ಅದರ ಶಿಕ್ಷೆ ಬಿದ್ದದ್ದು ನಳಿನಾಕ್ಷಿಯಮ್ಮನಿಗೆ.

ಅದು ೧೯೬೨. ಕುಕ್ಕುಂದೂರಿನಲ್ಲಿ ನನ್ನ ನೆರೆಯವರಾದ ನಳಿನಾಕ್ಷಿಯಮ್ಮ ವಿಧವೆ. ಮನೆ, ಹಿತ್ತಲು ಧಣಿಯವರದ್ದು. ಗೇಣಿಯ ಮಾತು ಬಾಯಿಯದ್ದು, ಚೀಟಿ ಇಲ್ಲ. ಧಣಿ ತೀರಿಕೊಂಡದ್ದೇ ತಡ, ಮಗ ದಾವೆ ಹೂಡಿದ: ಇವರು ಒಕ್ಕಲೇ ಅಲ್ಲ, ಅಪ್ಪ ಕನಿಕರದಿಂದ ಕೂರಿಸಿದ್ದು, ಎಬ್ಬಿಸಿಕೊಡಿ.

ನಳಿನಾಕ್ಷಿಯಮ್ಮನ ವಕೀಲ ಪಾಸ್ಕಲ್ ರೊಸಾರಿಯೊ ಅವರಿಗೆ ಸಿಕ್ಕಿದ್ದು ಒಂದೇ ಎಳೆ. ಹೊಸ ವರ್ಷದ ಬಿಸು ಹಬ್ಬದ ದಿನ ಒಕ್ಕಲುಗಳು ಸೌತೆ, ಎಳೆ ಹಲಸಿನ ಗುಜ್ಜೆ ತುಂಬಿದ ಬುಟ್ಟಿಯನ್ನು ಧಣಿಯ ಮನೆಗೆ ಕಾಣಿಕೆಯಾಗಿ ಒಯ್ಯಲೇಬೇಕಾದ ವಾಡಿಕೆ; ಒಯ್ದವರು ಒಕ್ಕಲು ಎಂಬುದಕ್ಕೆ ಅದೇ ಗುರುತು. ಈಕೆ ವರ್ಷವೂ ಒಯ್ದದ್ದನ್ನು ನಾನು ಕಂಡವನು. “ನೋಡಿದ್ದೇನೆ ಅಂತ ಹೇಳಿ ಇಳಿದುಬಿಡಿ ಮಾಸ್ತರ್ರೇ” ಎಂದು ಪಾಸ್ಕಲರು ಮೂರು ಸಲ ಹೇಳಿಕೊಟ್ಟಿದ್ದರು.

ಹೇಳಿದೆ. ಇಳಿಯಲಿಲ್ಲ. ಎದುರು ವಕೀಲರು ಮೆತ್ತಗೆ ಕೇಳಿದರು: ಹಾಗಾದರೆ ಈಕೆ ಆಳಿನ ಹಾಗೆ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಬೇಕಿತ್ತೋ? ಕಿವಿಯಲ್ಲಿ ಆಗಿನ ನಗು ಇನ್ನೂ ಬಿಸಿಯಾಗಿತ್ತು. ನಳಿನಾಕ್ಷಿಯಮ್ಮನ ಮಾನ ಕಾಯುವ ಹುಮ್ಮಸ್ಸಿನಲ್ಲಿ ಎದೆಯುಬ್ಬಿಸಿ ಅಂದೆ: “ಒತ್ತಾಯ ಎಂತದು? ನೆರೆಕರೆಯವರು ಅಂತ ಪ್ರೀತಿಯಿಂದ ಕೊಡುವುದು.”

ಎದುರು ವಕೀಲರು ಸಂತೋಷವಾಗಿ ಕುಳಿತರು. ಪಾಸ್ಕಲರು ಎದ್ದರು, ನನ್ನನ್ನು ನೋಡಿದರು, ಇನ್ನೆಂತ ಹೇಳಿಯಾನೋ ಎಂದು ಅವರೂ ಕುಳಿತರು. ಪ್ರೀತಿಯಿಂದ ಕೊಟ್ಟದ್ದು ಗೇಣಿಯಾಗದು ಎಂದು ತೀರ್ಪಾಯಿತು.

ಕಾರ್ಕಳದಲ್ಲಿ ಸೋತ ಕೇಸನ್ನು ಉಡುಪಿಯ ದೊಡ್ಡ ವಕೀಲರಿಗೆ ದಾಟಿಸಿ ಕೈತೊಳೆಯುವುದು ಉಳಿದವರ ಪದ್ಧತಿ. ಪಾಸ್ಕಲರದ್ದು ಹಾಗಲ್ಲ. ಸೋತವನೇ ಹೋಗಿ ಯಾಕೆ ಸೋತೆ ಅಂತ ಹೇಳಬೇಕು ಎನ್ನುವರು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಮೊಣಕೈಯಲ್ಲಿ ಬಣ್ಣ ಬಿಟ್ಟ ಅದೇ ಕರಿ ಕೋಟಿನಲ್ಲಿ, ಫೈಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುವರು. ಉಡುಪಿಗೆ ಬಂದು ನನ್ನ ಮಾತನ್ನು ತಿದ್ದುತ್ತೇನೆ ಎಂದು ಅಂಗಲಾಚಿದೆ. ಅಪೀಲಿನಲ್ಲಿ ಬಾಯಿಗೆ ಕೆಲಸವಿಲ್ಲ, ಬರೆದುಕೊಂಡದ್ದನ್ನು ಓದುವುದು ಮಾತ್ರ ಎಂದರು.

ಆದರೂ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಈ ಸೀಮೆಯಲ್ಲಿ ಪ್ರೀತಿಗಾಗಿ ಧಣಿಗೆ ಗುಜ್ಜೆ ಹೊತ್ತವರು ಯಾರೂ ಇಲ್ಲ ಎಂದು ಪಾಸ್ಕಲರು ಗಂಟೆಗಟ್ಟಲೆ ವಾದಿಸಿದರು. ನ್ಯಾಯಾಧೀಶರು ಕಾಗದದ ಮೇಲೆ ಬೆರಳಿಟ್ಟು ನನ್ನ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದರು. ವಾರ ಕಳೆದು ಅಪೀಲು ವಜಾ ಆಯಿತು. ಮನೆ ಬಿಡಲು ಎರಡು ತಿಂಗಳು.

ತೀರ್ಪಿನ ದಿನ ಕೋರ್ಟಿನ ಜಗಲಿಯಲ್ಲಿ ನಳಿನಾಕ್ಷಿಯಮ್ಮ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಊಟವಾದರೂ ಸೇರುತ್ತಿತ್ತು. ಈ ಬಿಸುವಿಗೆ ಸೌತೆಬೀಜ ಹಾಕುವುದೋ ಬೇಡವೋ ಎಂದು ವಕೀಲರನ್ನು ಕೇಳಿದರು. ಪಾಸ್ಕಲರು ಫೈಲಿನ ದಾರ ಬಿಗಿದರು. ಮತ್ತೆ, ಹಾಕಿ ಅಮ್ಮ, ಬೆಂಗಳೂರಿನ ಹೈಕೋರ್ಟಿಗೆ ಹೋಗುವ ಎಂದರು.

“ಅಲ್ಲಿಗಾದರೂ ನಾನು ಬರಲಾ?” ಎಂದೆ.

“ಬೇಡ ಮಾಸ್ತರ್ರೇ. ಅಲ್ಲಿ ಕಾನೂನು ಮಾತ್ರ ನೋಡುವುದು, ಸಾಕ್ಷಿ ಹೇಳಿದ್ದನ್ನು ನೋಡುವುದಿಲ್ಲ. ಅದಕ್ಕೇ ಹೋಗುವುದು.”