ಡಾಕ್ಟರ್ ಆಂಟಿ ಮತ್ತು ಹರಿದ ಕಿವಿಯ ಜಿಂಕೆ

ಬಾಗಿಲು ತೆರೆದವರ ಎರಡೂ ಕಣ್ಣಿನ ಸುತ್ತ ಬಳೆ ಒತ್ತಿದಂತೆ ಕೆಂಪು ಗುರುತಿತ್ತು. ಕೋವಿಡ್ ವರ್ಷ, ಸೋಂಕು ತಡೆಯುವ ಕನ್ನಡಕದ್ದೇ ಏನೋ ಗುರುತಿರಬೇಕು ಎಂದುಕೊಂಡೆ. ಅದು ದುರ್ಬೀನಿನದಂತೆ. ಬೆಳಗಿನಿಂದ ಹಿತ್ತಲಿನ ಹಕ್ಕಿಗಳನ್ನು ನೋಡುತ್ತ ಕೂತಿದ್ದರಂತೆ. ಡಬ್ಲಿನ್ನಿನಲ್ಲಿ ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೆ ಅದೇ ಊರಿನ ಕ್ಯಾಸಲ್‌ನಾಕ್ ಬಡಾವಣೆಯ ತಮ್ಮ ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೊಟ್ಟ ಆಕೆ ಮೈಸೂರಿನವರು, ಹೆರಿಗೆ ಡಾಕ್ಟರಾಗಿ ನಿವೃತ್ತರಾದವರು. ನಾನು ಆಂಟಿ ಎನ್ನುತ್ತಿದ್ದೆ.

ಆಂಟಿಗೆ ಶ್ವಾಸಕೋಶದ ಕಾಯಿಲೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬಾಯಿಗೆ ಮಾತ್ರ ದಣಿವಿರಲಿಲ್ಲ. ನನ್ನ ಕಾಫಿಗೆ "ಬಿಸಿನೀರು" ಎಂದು ಹೆಸರಿಟ್ಟಿದ್ದರು. ಹೇಗಿದ್ದೀರಿ ಎಂದರೆ, ಚೆನ್ನಾಗಿದ್ದೇನೆ ಎನ್ನಲು ಐರಿಶ್ ಜನ ಹೇಳುವಂತೆ, "ನಾನು ಗ್ರ್ಯಾಂಡ್ ಆಗಿದೀನಿ. ಮೊದ್ಲು ನಿನ್ನ ಮುಖ ನೋಡ್ಕೋ, ಕಂಪ್ಯೂಟರ್ ನೋಡಿ ನೋಡಿ ಅದ್ರ ಹಂಗೇ ಆಗಿದೆ" ಎನ್ನುವರು.

ಅಕ್ಟೋಬರ್ ಬಂದದ್ದೇ ತಡ, ಆಂಟಿಗೆ ಮೈಮೇಲೆ ಬಂದಂತಾಯಿತು. ಫೀನಿಕ್ಸ್ ಪಾರ್ಕಿನ ಜಿಂಕೆಗಳು ಬೆದೆಗೆ ಬರುವ ಕಾಲ ಅದು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ, ಪುಣ್ಯಕ್ಕೆ ಪಾರ್ಕು ಅದರೊಳಗೇ ಇತ್ತು. ಅಲ್ಲಿನ ಒಂದು ಮುದಿ ಗಂಡು ಜಿಂಕೆಯನ್ನು, ಅದರ ಹರಿದ ಬಲಗಿವಿಯ ಗುರುತಿನಿಂದ, ಅವರು ವರ್ಷವರ್ಷವೂ ಹುಡುಕಿ ನೋಡುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಅದು ಕುಂಟುತ್ತಿತ್ತಂತೆ.

"ಅವನಿದಾನೋ ಹೋದನೋ, ಅಷ್ಟು ಗೊತ್ತಾಗ್ಬೇಕು ಕಣೇ ನಂಗೆ" ಎಂದರು. ಅವರ ಸ್ಕ್ಯಾನಿನ ರಿಪೋರ್ಟ್ ಬಂದು ವಾರವೂ ಆಗಿರಲಿಲ್ಲ.

ಪಾರ್ಕಿನ ರಸ್ತೆ ಬದಿಯ ಕಾರಿನಲ್ಲಿ ಅವರು, ಹುಲ್ಲಿನಲ್ಲಿ ನಾನು, ನಡುವೆ ವಿಡಿಯೋ ಕಾಲ್. ಕೊಂಬು ಕಂಡ ಕಡೆಗೆಲ್ಲ ದಾಪುಗಾಲು ಹಾಕಿದೆ. ಬಯಲಿನಲ್ಲಿ ಕೊಂಬಿಗೆ ಕೊಂಬು ತಾಗಿಸುತ್ತಿದ್ದವೆಲ್ಲ ಎಳೆಯವು. ದಿನಾ ಇದೇ ಪಾಡು. ಕೊನೆಗೆ ಆಂಟಿಗೆ ರೇಗಿತು.

"ಗಂಡಿನ ಹಿಂದೆ ಯಾಕೆ ಓಡ್ತೀಯೇ? ಹೆಣ್ಣುಗಳು ಎಲ್ಲಿ ಗುಂಪುಗೂಡಿವೆ ನೋಡು. ಹೆರಿಗೆ ವಾರ್ಡ್ ಯಾವ ಕಡೆ ಅಂತ ಗೊತ್ತಿದ್ರೆ ಸಾಕು, ಗಂಡಸರು ಆ ಕಾರಿಡಾರಲ್ಲೇ ಸಿಗ್ತಾರೆ."

"ಆದ್ರೆ ಆಂಟಿ, ಇಲ್ಲಿ ಬರೀ ಹೆಣ್ಣುಗಳೇ ಇವೆ."

"ಹಂಗಾದ್ರೆ ಅಲ್ಲೇ ನಿಲ್ಲು. ಹತ್ತಿರ ಹೋಗ್ಬೇಡ. ಉಸಿರೂ ಬಿಡ್ಬೇಡ."

ನಿಂತೆ. ಓಕ್ ಮರಗಳ ಕೆಳಗೆ ಹೆಣ್ಣುಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಮೊದಲು ಮೂಗಿಗೆ ಘಾಟು ವಾಸನೆ ಬಡಿಯಿತು. ಹಿಂದೆಯೇ ಮರಗಳ ಮರೆಯಿಂದ ಗೊರಕೆಯಂಥ ಸದ್ದು, ಬಿಟ್ಟು ಬಿಟ್ಟು. ಫೋನನ್ನು ಆ ಕಡೆ ಹಿಡಿದೆ. ಎಲೆಗಳ ನಡುವೆ ಕೊಂಬಿನ ತುದಿಯೊಂದು ಅಲುಗಿತು.

"ಅವನೇ! ಅವನೇ ಕಣೇ!"

ಉಸಿರೂ ಬಿಡಬೇಡ ಎಂದಿದ್ದ ಆಂಟಿಯೇ ಫೋನಿನೊಳಗಿಂದ ಕಿರುಚಿಬಿಟ್ಟರು. ಹೆಣ್ಣುಗಳು ದಿಕ್ಕಾಪಾಲಾದವು. ಎಲ್ಲ ಹಾಳಾಯಿತು ಎಂದುಕೊಳ್ಳುವಷ್ಟರಲ್ಲಿ, ಚದುರಿದ ಹೆಣ್ಣುಗಳನ್ನು ಕೂಡಿಸಲು ಆ ಗಂಡು ಮರೆಯಿಂದ ನುಗ್ಗಿ ಬಂತು. ದಪ್ಪ ಕತ್ತು, ಮೈಯೆಲ್ಲ ಕೆಸರು, ಮೊರದಗಲದ ಕೊಂಬು, ಹರಿದ ಬಲಗಿವಿ! ಕುಂಟುವುದಿರಲಿ, ಹೆಣ್ಣುಗಳನ್ನು ಅಟ್ಟಿಸಿಕೊಂಡು ಆಂಟಿಯ ಕಾರಿನ ಮುಂದೆಯೇ ರಾಜಗಾಂಭೀರ್ಯದಿಂದ ಹಾದುಹೋಯಿತು. ನಾನು ಹುಚ್ಚಿಯಂತೆ ಕುಣಿದೆ. ಆ ವರ್ಷವೆಲ್ಲ ಅಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ.

ಓಡಿ ಬಂದು ನೋಡಿದರೆ ಆಂಟಿ ಕಿಟಕಿ ಇಳಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದರು. "ಇದಾನೆ ಕಣೇ. ಈ ವರ್ಷಾನೂ ಇದಾನೆ."

ಜನವರಿಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನರ್ಸೊಬ್ಬಳು ಫೋನನ್ನು ಅವರ ಕಿವಿಗೆ ಹಿಡಿದಳು. ಏನು ಹೇಳಬೇಕೋ ತೋಚದೆ, "ಆಂಟಿ, ಇವತ್ತು ಪಾರ್ಕಿಗೆ ಹೋಗಿದ್ದೆ. ಹೆಣ್ಣುಗಳ ಜೊತೆ ಅವನೂ ಇದ್ದ" ಎಂದುಬಿಟ್ಟೆ.

ಆಂಟಿ ಏದುಸಿರಿನಲ್ಲೇ ರೇಗಿದರು. "ಸುಳ್ಳುಬುರುಕಿ. ಚಳೀಲಿ ಗಂಡುಗಳು ಬೇರೆ ಗುಂಪಲ್ಲಿರ್ತವೆ. ಹೋಗಿ ಸರಿಯಾಗಿ ನೋಡ್ಕೊಂಡು ಬಾ."

ಮರುದಿನ ಬೆಳಿಗ್ಗೆಯೇ ಹೋದೆ. ಗಂಡುಗಳ ಗುಂಪಿನಲ್ಲಿ, ಬಡಕಲಾಗಿ, ತಲೆ ತಗ್ಗಿಸಿ ಮೇಯುತ್ತಿತ್ತು. ಹರಿದ ಕಿವಿ ಕಂಡದ್ದೇ ಕೈಗವಸು ಕಿತ್ತೆಸೆದು ಫೋನ್ ತೆಗೆದೆ. ಅಷ್ಟರಲ್ಲಿ ಆಸ್ಪತ್ರೆಯಿಂದಲೇ ಕರೆ ಬಂತು. ಆಂಟಿ ಹೋಗಿದ್ದರು. ಅವನಿದ್ದಾನೆ ಎಂಬ ಸುದ್ದಿಯನ್ನು ಅವರಿಗೆ ಹೇಳುವುದು ಹಾಗೆಯೇ ಬಾಕಿ ಉಳಿಯಿತು.