ಗ್ವೆನ್‌ಳ ಬಲಗೈ

ಮಾರ್ಚ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಆರು ಗಂಟೆ ಹದಿನೆಂಟು ನಿಮಿಷಕ್ಕೆ ಗ್ವೆನ್ ಟೆಸ್ಸಿಯರ್ ಗಾಲಿಕುರ್ಚಿಯಿಂದ ಮುಂದಕ್ಕೆ ಬಾಗಿ, ಅಂಟಕ್ಕಿ ಅನ್ನದ ಪೊಟ್ಟಣವನ್ನು ಹಿರಿಯ ಭಿಕ್ಷುವಿನ ಪಾತ್ರೆಗೆ ಹಾಕುತ್ತಿದ್ದಳು. ಪೊಟ್ಟಣ ಪಾತ್ರೆಯೊಳಗೆ ಬಿತ್ತು. ಅಷ್ಟರಲ್ಲಿ ಸೊಂಟದ ಹಿಡಿತ ತಪ್ಪಿ ಅವಳು ಮುಂದಕ್ಕೆ ಜಾರಿದಳು. ಬಲಗೈ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು ಭಿಕ್ಷುವಿನ ಮಣಿಕಟ್ಟು.

ಚಿಯಾಂಗ್ ಮಾಯ್‌ನ ಆ ಗಲ್ಲಿಯಲ್ಲಿ ಹೆಂಗಸರು ಭಿಕ್ಷುವಿನ ಚೀವರದ ಅಂಚನ್ನೂ ಸೋಕುವುದಿಲ್ಲ. ಗ್ವೆನ್‌ಗೆ ಇದು ಆರು ವರ್ಷದಿಂದ ಗೊತ್ತು. ಬಿಡಿ ಎಂದು ಬೆರಳುಗಳಿಗೆ ಮನಸ್ಸಿನಲ್ಲೇ ಹೇಳಿದಳು. ಸೆಟೆದ ಬೆರಳುಗಳು ಕೇಳಲಿಲ್ಲ.

ಭಿಕ್ಷು ಕೈ ಎಳೆದುಕೊಳ್ಳಲಿಲ್ಲ. ಎಂಬತ್ತು ದಾಟಿದವರು, ನೆಲ ನೋಡುತ್ತಲೇ ಹೇಳಿದರು: "ಅವಸರ ಇಲ್ಲ ತಾಯಿ. ನಾನೇನು ಬಸ್ಸು ಹಿಡೀಬೇಕಾ?"

ಸೋಯಾ ಹಾಲು ಮಾರುವ ಇನ್‌ಕೇವ್ ತನ್ನ ಗಾಡಿ ಬಿಟ್ಟು ಓಡಿಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಏನ್ ಗ್ವೆನ್ ಅಕ್ಕ, ಪುಣ್ಯ ಎಲ್ಲಿ ಓಡಿಹೋಗತ್ತೋ ಅಂತ ಹಿಡ್ಕೊಂಡೇ ಬಿಟ್ರಾ?"

ಸುತ್ತ ಮಂಡಿಯೂರಿದ್ದವರೆಲ್ಲ ನಕ್ಕರು. ಗ್ವೆನ್ ಕೂಡ ನಕ್ಕಳು. ನಗದೆ ಕೂತಿದ್ದವಳು ಕಟ್ಟಡದ ಒಡತಿ ಸೇಂಗ್ಲಾ ಒಬ್ಬಳೇ. ಗ್ವೆನ್ ಹೆದರಿದ್ದು ಆ ಮುಖಕ್ಕೆ. ನಾಲ್ಕನೇ ಮಹಡಿಯ ಕೋಣೆಯಲ್ಲಿ ಅವಳು ಒಬ್ಬಳೇ ಇರುವುದಕ್ಕೆ ಸೇಂಗ್ಲಾ ಒಪ್ಪಿದ್ದು ಒಂದೇ ಮಾತಿನ ಮೇಲೆ: "ದಿನಾ ಬೆಳಿಗ್ಗೆ ಲಿಫ್ಟಲ್ಲಿ ಕೆಳಗೆ ಬಂದು ಅನ್ನ ಹಾಕೋವರೆಗೂ ನೀವು ಚೆನ್ನಾಗಿದ್ದೀರಿ ಅಂತ ತಿಳ್ಕೋತೀನಿ."

ಗ್ವೆನ್ ಕೆನಡಾದ ಸಡ್‌ಬರಿಯವಳು. ಅಲ್ಲಿನ ಪ್ರೌಢಶಾಲೆಯೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದಿದ್ದಳು. ಐವತ್ತೆಂಟಕ್ಕೆ ನರಗಳ ಕಾಯಿಲೆ ಶುರುವಾಯಿತು. ಒಂದು ಜನವರಿಯಲ್ಲಿ ಮನೆಯ ಮೆಟ್ಟಿಲ ಮೇಲಿನ ಹಿಮದಲ್ಲಿ ಜಾರಿ, ಆಮೇಲೆ ನಾಲ್ಕು ತಿಂಗಳು ಹೊಸ್ತಿಲು ದಾಟಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ರಜೆಗೆಂದು ಇಲ್ಲಿಗೆ ಬಂದಾಗ ಕೋಲು ಊರಿಕೊಂಡು ನದಿಯವರೆಗೂ ನಡೆದಳು. ತಂಪು ಗಾಳಿ, ಒಣ ನೆಲ. ಹದಿನಾರು ದಿನದಲ್ಲಿ ತೀರ್ಮಾನ ಮಾಡಿ, ಊರಿಗೆ ಹೋಗಿ ಮನೆ ಮಾರಿ ಬಂದಳು. ತನ್ನ ಕಾಯಿಲೆಗೆ ಸೆಕೆ ಆಗದು ಎಂದು ಓದಿ ತಿಳಿದಿದ್ದಳು. ಒಂದೇ ಅಳತೆ ತೆಗೆದು ಉತ್ತರ ಬರೆದ ಮಕ್ಕಳನ್ನು ಜೀವಮಾನವಿಡೀ ಬೈದವಳು, ಡಿಸೆಂಬರ್ ನೋಡಿ ಏಪ್ರಿಲ್‌ಗೂ ಸೇರಿಸಿ ಸಹಿ ಹಾಕಿದಳು. ಪ್ರತಿ ಬೇಸಿಗೆಯೂ ಅವಳಿಂದ ಒಂದಿಷ್ಟನ್ನು ಕಿತ್ತುಕೊಂಡಿತು, ಮಳೆಗಾಲ ಅದನ್ನು ಹಿಂದಿರುಗಿಸಲಿಲ್ಲ. ಮೂರನೆಯ ಬೇಸಿಗೆಗೆ ಕೋಲು ಹೋಗಿ ಗಾಲಿಕುರ್ಚಿ ಬಂತು.

ಹತ್ತು ಗಂಟೆಗೆ ಸೇಂಗ್ಲಾ ತಟ್ಟೆಯಲ್ಲಿ ಸುಲಿದ ಚಕ್ಕೋತ ಹಿಡಿದು ಮೇಲೆ ಬಂದಳು. ತೊಳೆಗಳ ಬಿಳಿ ಸಿಪ್ಪೆಯನ್ನೂ ತೆಗೆದಿದ್ದಳು.

"ಲುವಾಂಗ್ ಪೋ, ನಮ್ಮ ಹಿರಿಯ ಗುರುಗಳು, ಏನೂ ಅಂದ್ಕೊಂಡಿಲ್ಲ ಅಕ್ಕ. ಬೇಕು ಅಂತ ಮುಟ್ಟಿದ್ದಲ್ಲವಲ್ಲ, ದೋಷ ಇಲ್ಲ ಅಂದ್ರು."

"ನನಗೇ ನಾಚಿಕೆ ಆಯ್ತು."

"ಕೈ ಹೀಗಾಗಿದ್ದು ಇದೇ ಮೊದಲಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಳೆದು ಬರೆದಿಟ್ಟದ್ದರ ಬಗ್ಗೆ ಸುಳ್ಳು ಹೇಳಿ ಗ್ವೆನ್‌ಗೆ ಅಭ್ಯಾಸವಿರಲಿಲ್ಲ. ದಿಂಬಿನ ಪಕ್ಕದ ಪುಸ್ತಕವನ್ನು ಎಡಗೈಯಿಂದ ತಳ್ಳಿದಳು. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಎಳೆದು ಪ್ರತಿ ಭಾನುವಾರ ಬರೆದಿಟ್ಟ ಬಲಗೈಯ ಶಕ್ತಿ ಅದರಲ್ಲಿತ್ತು. ಮೊದಲ ವರ್ಷ ಹದಿನೆಂಟು ಕಿಲೋ. ಹೋದ ವರ್ಷ ಹನ್ನೊಂದು. ಕಳೆದ ಭಾನುವಾರ ಆರು. ಫೆಬ್ರವರಿಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರ: ನಲ್ಲಿ ಹಿಡಿದ ಕೈ ಬಿಡಲಿಲ್ಲ, ನಲವತ್ತು ನಿಮಿಷ.

ಸೇಂಗ್ಲಾ ಅಂಕಿಗಳ ಮೇಲೆ ಬೆರಳಾಡಿಸಿದಳು. "ನನ್ನ ಯಾಕೆ ಕರೀಲಿಲ್ಲ?"

"ನಿಮಗೆ ಯಾಕೆ ತೊಂದ್ರೆ ಅಂತ."

"ಆರು ವರ್ಷದಲ್ಲಿ ಒಂದು ಸಾರು ಮಾಡೋಕೆ ಕಲೀಲಿಲ್ಲ ನೀವು! ಇನ್ನೊಬ್ಬರಿಗೆ ತೊಂದ್ರೆ ಕೊಡಬಾರ್ದು ಅನ್ನೋದೊಂದನ್ನ ಮಾತ್ರ ನಮಗಿಂತ ಚೆನ್ನಾಗಿ ಕಲ್ತ್ರಿ."

ಸೇಂಗ್ಲಾ ಒಂದು ತೊಳೆ ಬಿಡಿಸಿ ಗ್ವೆನ್‌ಳ ಬಾಯಿಗಿಟ್ಟಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಡೋಯ್ ಸಾಕೆಟ್ ಊರಿನ ಹತ್ರ ವಯಸ್ಸಾದವರನ್ನ ನೋಡ್ಕೊಳ್ಳೋ ಒಂದು ಮನೆ ಇದೆ. ಹಗಲೂ ರಾತ್ರಿ ನರ್ಸ್ ಇರ್ತಾರೆ. ಬೇಲಿ ತುಂಬ ಕಾಗದದ ಹೂವು ಬಿಟ್ಟಿರತ್ತೆ, ಎಷ್ಟು ಚೆನ್ನಾಗಿರತ್ತೆ ಅಂತೀರಿ."

ಇಲ್ಲಿ ಯಾರೂ ಮುಖಕ್ಕೆ ಹೊಡೆದಂತೆ 'ಆಗಲ್ಲ' ಅನ್ನುವುದಿಲ್ಲ. ಹೂವಿನ ಮಾತು ಬಂತೆಂದರೆ ವಿಷಯ ತೀರ್ಮಾನವಾಗಿದೆ ಎಂದು ಗ್ವೆನ್‌ಗೆ ಅರ್ಥವಾಯಿತು. ಆ ಮನೆಯನ್ನು ಅವಳು ನೋಡಿದ್ದಳು. ಪರಿಚಯದ ಸ್ವಿಸ್ ಮುದುಕನೊಬ್ಬ ಅಲ್ಲಿದ್ದ. ಮೂರನೆಯ ಸಲ ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಹೆಸರು ಹಿಡಿದು ಕರೆದರೂ ತಿರುಗಲಿಲ್ಲ.

"ಒಂದೇ ಒಂದು ವರ್ಷ, ಸೇಂಗ್ಲಾ. ಗಂಟೆ ಕಟ್ಟಿಸೋಣ. ತಂತಿ ಎಳೆದರೆ ನಿಮಗೆ ಕೇಳೋ ಹಾಗೆ."

"ಯಾವ ಕೈಯಲ್ಲಿ ಎಳೀತೀರಿ?" ಕೇಳಿದ ಮೇಲೆ ಸೇಂಗ್ಲಾಗೇ ಅಳು ಬಂತು. "ನೀವು ಆ ನಲ್ಲಿ ಹಿಡ್ಕೊಂಡೇ ಹೋಗ್ಬಿಟ್ರೆ? ಆಮೇಲೆ ಆ ಕೋಣೆಗೆ ಬಾಡಿಗೆಗೆ ಯಾರು ಬರ್ತಾರೆ ಅನ್ನೋ ಚಿಂತೆ ಅಲ್ಲ ಅಕ್ಕ. ಕೆಳಗಡೆ ನಾನು ಹೇಗೆ ಊಟ ಮಾಡ್ಲಿ?"

ಕಣ್ಣೊರೆಸಿಕೊಂಡು, "ನಿಮ್ಮೂರಿಗೆ ಹೋದ್ರೆ?" ಎಂದಳು.

"ತಂಗಿ ತೀರ್ಕೊಂಡು ಎರಡು ವರ್ಷ ಆಯ್ತು. ಮನೇಲಿ ಬೇರೆಯವರಿದ್ದಾರೆ. ಹಿಮ ಮಾತ್ರ ನಂದೇ."

ಸೇಂಗ್ಲಾಗೆ ಅದು ತಮಾಷೆ ಅನ್ನಿಸಲಿಲ್ಲ. ಗ್ವೆನ್‌ಗೂ ಅನ್ನಿಸಿರಲಿಲ್ಲ. ಹೊರಗೆ ಕಾಡು ಸುಟ್ಟ ಹೊಗೆ ಗುಡ್ಡಗಳನ್ನು ಅಳಿಸಿತ್ತು. ಗ್ವೆನ್ ಪುಸ್ತಕ ಮುಚ್ಚಿ, "ಆಗಲಿ" ಅಂದಳು. ಎರಡನೆಯ ಸಲ ಹೇಳಲು ಆಗಲಿಲ್ಲ. ಸೇಂಗ್ಲಾ ಕೇಳಲೂ ಇಲ್ಲ.

ಆರು ವರ್ಷದ ಹಿಂದೆ, ಕೋಣೆ ಹಿಡಿದ ದಿನ, ಕೆಳಗಿನ ಕಲ್ಲುಬೆಂಚಿನ ಮೇಲೆ ಬಾಡಿಗೆ ಕಾಗದ ಹರಡಿಕೊಂಡು, "ಎಷ್ಟು ವರ್ಷ ಇರ್ತೀರಿ ಅಕ್ಕ?" ಎಂದು ಇದೇ ಸೇಂಗ್ಲಾ ಸುಮ್ಮನೆ ನಗೆಗೆ ಕೇಳಿದ್ದಳು. ಗ್ವೆನ್ ನಗೆಗೆ ತೆಗೆದುಕೊಳ್ಳಲಿಲ್ಲ. ಪೆನ್ನು ಇಸಿದುಕೊಂಡು, ತನ್ನ ವಯಸ್ಸು, ತಾಯಿ ಬದುಕಿದ ವಯಸ್ಸು, ಕಾಯಿಲೆಗೆಂದು ಕಳೆಯಬೇಕಾದ ವರ್ಷ, ಎಲ್ಲ ಕೂಡಿ ಕಳೆದು, ಆಗಷ್ಟೇ ಕಲಿತ ಥಾಯ್ ಭಾಷೆಯಲ್ಲಿ, ಗಾಡಿಯ ಬಳಿಯಿದ್ದ ಇನ್‌ಕೇವ್ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ್ದಳು: "ಇಪ್ಪತ್ತೆರಡು."