ನಿಂಗಪ್ಪ ಮಾವನ ಕಂಬಳಿ

ಅನಾಹುತ ಶುರುವಾದದ್ದು ಸಂಜೆ ಐದೂವರೆಗೆ. ದೇವರ ಮಹಿಮೆ ಹೇಳುವವರನ್ನು ಕಂಡರೆ ಅಲ್ಲಿಯವರೆಗೆ ನಗುತ್ತಿದ್ದವನು ನಾನು, ಹೈದರಾಬಾದಿನಲ್ಲಿ ಬಿ.ಎ. ಓದಿದ್ದೆ. ಇವತ್ತಿಗೂ ಅಂಥದನ್ನು ಸುಲಭವಾಗಿ ನಂಬುವುದಿಲ್ಲ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ನಿಜಾಮನ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ತಿಂಗಳಾಗಿದ್ದವು. ಗಲಾಟೆಯಲ್ಲಿ ಕುರಿಹಿಂಡನ್ನೆಲ್ಲ ಕಳೆದುಕೊಂಡ ನನ್ನ ಸೋದರಮಾವ ನಿಂಗಪ್ಪ ನಿದ್ದೆಗೆಟ್ಟು, ಒಬ್ಬನೇ ಮಾತಾಡುತ್ತಿದ್ದ. ನಮ್ಮೂರು ಗಟ್ಟಿನಿಂದ ಗದ್ವಾಲಿಗೆ ಕರೆತಂದು ದವಾಖಾನೆಗೆ ಸೇರಿಸಿದೆ. ಹುಚ್ಚರಿಗೆಂದು ಹಿಂದುಗಡೆ ಒಂದು ಕೋಣೆಯಿತ್ತು. ಅಲ್ಲಿ ಮಾವ ಯಾರ ಮೇಲೂ ಕೈಯೆತ್ತಿರಲಿಲ್ಲ.

ಅಂದು ಸಂಜೆ ದವಾಖಾನೆಯ ಆಳುಗಳ ಮೇಲಿನ ಜಮಾದಾರ ಅವನ ಕಂಬಳಿ ಕಿತ್ತು ಹೊಸ್ತಿಲಲ್ಲಿ ಹಾಸಿ ಬೂಟು ಒರೆಸಿದ. ನಮ್ಮ ಕುರುಬರ ಮನೆಗಳಲ್ಲಿ ಕುಲದೇವರು ಬೀರಪ್ಪನ ಗದ್ದುಗೆ ಹಾಕುವುದೇ ಕಂಬಳಿಯ ಮೇಲೆ; ಅದಕ್ಕೆ ಮೆಟ್ಟು ಸೋಕಿಸುವವರಿಲ್ಲ. ಮಾವ ಹಾರಿ ಜಮಾದಾರನ ಮುಖಕ್ಕೆ ಗುದ್ದಿದ. ಆಳುಗಳೆಲ್ಲ ಸೇರಿ ಹೊಡೆದು, ಅವನನ್ನು ಗೋಡೆಯ ಕಡಗಕ್ಕೆ ಸರಪಳಿಯಿಂದ ಬಿಗಿದರು. ಕಂಬಳಿ ಉಗ್ರಾಣ ಸೇರಿತು. ಸಮಾಧಾನ ಮಾಡಲು ಹೋದ ನನ್ನ ಕೊರಳಿಗೇ ಮಾವ ಸರಪಳಿ ಸುತ್ತಿದ.

"ದೇವ್ರನ್ನ ತುಳದ್ರು, ನೀ ನೋಡ್ಕೋತ ನಿಂತೀಯಲೇ!"

ಉಸಿರು ಕಟ್ಟಿ ಕಣ್ಣು ಕತ್ತಲಿಟ್ಟಿತು. ಆಳುಗಳು ಬಿಡಿಸಿದರು.

"ಇವ ಮನುಷ್ಯಾ ಅಲ್ರೀ, ಹುಲಿ. ಮುಂಜಾನೆ ಹೈದರಾಬಾದ್ ಪಾಗಲ್‌ಖಾನಾಕ್ಕ ಕಳಸಾಕ ಹುಕುಂ ಆಗೈತಿ" ಎಂದು ಜಮಾದಾರ ಬೀಗ ಜಡಿದ. ಆ ಹುಚ್ಚಾಸ್ಪತ್ರೆಗೆ ಹೋದವರು ಮರಳಿ ಬಂದದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಿಗೆ ಒರಗಿ ಕುಳಿತೆ. ಒಳಗೆ ಚೀರಾಟ.

ದೀಪ ಹಚ್ಚುವ ಹೊತ್ತಿಗೆ ಒಮ್ಮೆಲೇ ಸದ್ದಡಗಿತು. ಸತ್ತನೇನೋ ಎಂದು ಹೆದರಿ ಜಮಾದಾರನನ್ನು ಕೂಗಿದೆ. ಕಂದೀಲು ಹಿಡಿದು ಬೀಗ ತೆಗೆದ. ಮಾವ ಸರಪಳಿಯಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದ. ಮೈಮೇಲೆ ಅದೇ ಕಂಬಳಿ, ಬೂಟಿನ ಕೆಸರಿನ ಸಮೇತ.

"ನೀನೇ ಕೊಟ್ಟಿ ಏನಪಾ?"

"ಚಾವಿ ನಿಮ್ಮ ನಡುವಿನಾಗ ಐತಲ್ರೀ!"

ಉಗ್ರಾಣದ ಬೀಗವೂ ಹಾಕಿದಂತೆಯೇ ಇತ್ತು. ತೆರೆದರೆ ಕಂಬಳಿ ಅಲ್ಲಿರಲಿಲ್ಲ. ಜಮಾದಾರ ಬೂಟು ಕಳಚಿದ. ಬೆಳಿಗ್ಗೆ ಅವನೇ ಡಾಕ್ಟರ ಮುಂದೆ ನಿಂತು, "ಇವನ್ನ ಮನೀಗೇ ಕಳಸ್ರೀ ಸಾಬ್" ಎಂದು ಕೈಮುಗಿದ. ಡಾಕ್ಟರು ಬಿಟ್ಟುಕೊಟ್ಟರು, "ಹಲ್ಲೆ ಮಾಡುವ ರೋಗಿ, ಹುಷಾರು" ಎಂದು ನನಗೆ ಬುದ್ಧಿಯನ್ನೂ ಹೇಳಿದರು. ದೇವರ ಗದ್ದುಗೆಗೆ ಬೂಟು ಒರೆಸಿದ್ದು, ರೋಗಿಯನ್ನು ಕಟ್ಟಿ ಹೊಡೆದದ್ದು ಅವರ ಲೆಕ್ಕದಲ್ಲಿ ಹಲ್ಲೆಯಲ್ಲ! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಕಂಬಳಿ ಒಳಗೆ ಹೇಗೆ ಬಂತೆಂಬುದು ಮಾತ್ರ ಇಂದಿಗೂ ತಿಳಿದಿಲ್ಲ. ಮಾವನಿಗೂ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ನಿದ್ದೆಗೆಟ್ಟವನು ನಾನು. ಕಣ್ಣು ಮುಚ್ಚಿದರೆ ಕೊರಳಿಗೆ ಮತ್ತೆ ಆ ಸರಪಳಿ ಸುತ್ತಿದಂತಾಗುತ್ತಿತ್ತು. ಒಂದು ಭಾನುವಾರ ರಾತ್ರಿ ಮಾವ ನನ್ನ ಪಕ್ಕದಲ್ಲೇ ಬಂದು ಕುಳಿತ. "ಮಲಕ್ಕೊಳಲೇ ಅಳಿಯಾ, ನಾ ಎಚ್ಚರ ಇರ್ತೀನಿ" ಎಂದ.

ಅವತ್ತು ಬೆಳಗಾಗುವವರೆಗೂ ನಿದ್ದೆ ಮಾಡಿದೆ.